ರೋಸ್‌ಮರಿಗೆ ಎರೆದ ಲಿಂಗದ ನೀರು

ಗೋಕಾಕ ರೋಡ್ ಸ್ಟೇಶನ್

ಸ್ಕಾಟ್ಲೆಂಡಿನಲ್ಲಿ ಏನೇನು ನೋಡಿ ಬಂದೆ ಎಂದು ಮೂಡಲಗಿಯ ಜನ ಈಗಲೂ ಕೇಳುತ್ತಾರೆ. ಉಣ್ಣೆ ತೊಳೆಯುವ ಯಂತ್ರ, ಮಧ್ಯಾಹ್ನ ಮುಗಿಯುವ ಮುಂಚೆಯೇ ಮುಳುಗುವ ಸೂರ್ಯ, ಹೆಪ್ಪುಗಟ್ಟಿದ ಕೆರೆಯ ಮೇಲೆ ಜಾರುತ್ತ ಆಡುವ ಮುದುಕರು, ಹೀಗೆ ಏನಾದರೊಂದು ಹೇಳಿ ಕಳಿಸುತ್ತೇನೆ. ಒಂದು ಕುಂಡದ ಸುದ್ದಿಯನ್ನು ಮಾತ್ರ ನಮ್ಮವ್ವನನ್ನು ಬಿಟ್ಟು ಇದುವರೆಗೆ ಊರಲ್ಲಿ ಯಾರಿಗೂ ಹೇಳಿಲ್ಲ. ಆದರೆ ಆ ಪ್ರವಾಸದಲ್ಲಿ ನಿಜವಾಗಿ ನಡೆದದ್ದು ಅದೊಂದೇ. ಉಳಿದದ್ದು ಭೂಗೋಳದ ಪುಸ್ತಕದಲ್ಲಿಯೂ ಸಿಗುತ್ತದೆ.

ನಮ್ಮದು ಕಂಬಳಿ ವ್ಯಾಪಾರದ ಮನೆತನ. ವಿಲಾಯತಿಯಲ್ಲಿ ಉಣ್ಣೆಯನ್ನು ಹೇಗೆ ವಿಂಗಡಿಸುತ್ತಾರೆ ಎಂಬುದನ್ನು ಕಲಿತು ಬರಲಿ ಎಂದು ನಮ್ಮ ಭಾಗದ ವ್ಯಾಪಾರಿಗಳು ಕೂಡಿ ಇಬ್ಬರನ್ನು ಒಂದು ಚಳಿಗಾಲದ ಮಟ್ಟಿಗೆ ಕಳಿಸುವುದೆಂದು ನಿಶ್ಚಯಿಸಿದರು. ಒಬ್ಬನಿಗೆ ಇಂಗ್ಲಿಷ್ ಬರಬೇಕು, ಇನ್ನೊಬ್ಬನಿಗೆ ಉಣ್ಣೆ ತಿಳಿಯಬೇಕು. ಇಂಗ್ಲಿಷಿನವನು ನಾನು, ಈರಪ್ಪ. ಉಣ್ಣೆಯವನು ಹುಕ್ಕೇರಿ ಕಡೆಯ ಕುರುಬರ ಮಾಳಪ್ಪ. ನಮ್ಮ ಅಪ್ಪನಿಗೆ ಕಂಬಳಿ ತಂದು ಹಾಕುತ್ತಿದ್ದ ಅವನನ್ನು ನಾನು ಚಿಕ್ಕಂದಿನಿಂದ ಕಾಕಾ ಎಂದೇ ಕರೆದವನು. ಕಣ್ಣು ಮುಚ್ಚಿ ಎಳೆಯನ್ನು ಮುಟ್ಟಿದರೆ ಸಾಕು, ಕುರಿ ಯಾವ ಸೀಮೆಯದು, ಮಳೆಗಾಲಕ್ಕೆ ಮುಂಚೆ ಕತ್ತರಿಸಿದ್ದೋ ನಂತರದ್ದೋ ಎಂದು ಹೇಳಿಬಿಡುತ್ತಿದ್ದ.

ನಮ್ಮವ್ವ ಸ್ಟೇಶನ್ನಿನವರೆಗೆ ಬಂದಿದ್ದಳು. ಗಾಡಿ ಬರುವ ಹೊತ್ತಿಗೆ ನನ್ನ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಮುಟ್ಟಿ ನೋಡಿದಳು.

“ಎಲ್ಲೇ ಇರು, ಪೂಜಿ ತಪ್ಪಸಬ್ಯಾಡ ಈರಪ್ಪಾ. ಪೂಜಿ ನೀರ ಯಾರೂ ತುಳಿಬಾರದು. ಗಿಡದ ಬುಡಕ್ಕ ಹಾಕು. ಆ ದೇಶದಾಗ ಗಿಡಾ ಇರತಾವಿಲ್ಲೊ?”

“ಇರತಾವಬೇ ಅವ್ವಾ.”

“ಇದ್ರ ಆತು.”

ಮಾಳಪ್ಪ ಕರಿ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡೇ ಬಂದಿದ್ದ. ಅಲ್ಲಿ ಇದನ್ನು ಕಂಡು ಜನ ನಗುತ್ತಾರೆ ಎಂದು ಯಾರೋ ಹೇಳಿದರು. “ನಗಲಿ ಬಿಡ್ರಿ. ಅವರ ನಗಿ ಹೊಚಗೊಂಡ್ರ ಥಂಡಿ ಹೋಗತೈತೇನು?” ಎಂದು ಗಾಡಿ ಹತ್ತಿದ.

ಹಡಗಿನಿಂದ ಇಳಿದಾಗ

ಹಡಗಿನಲ್ಲಿ ಪೂಜೆಯ ನೀರಿನ ಚಿಂತೆ ಇರಲಿಲ್ಲ. ಸಮುದ್ರವನ್ನು ಯಾರು ತುಳಿಯುತ್ತಾರೆ? ಇಳಿದ ಬಂದರಿನಲ್ಲಿ ಮಾತ್ರ ನಮ್ಮನ್ನು ತಡೆದು ನಿಲ್ಲಿಸಿದರು. ತಪಾಸಣೆಯ ಅಧಿಕಾರಿ ಮಾಳಪ್ಪನ ಕಂಬಳಿಯನ್ನು ಮೂಸಿ ನೋಡಿದ, ಮತ್ತೆ ಮೂಸಿದ, ಇನ್ನೊಬ್ಬನನ್ನು ಕರೆದು ಅವನಿಂದಲೂ ಮೂಸಿಸಿದ. ಇದರಲ್ಲಿ ಏನೋ ತಿನ್ನುವ ಪದಾರ್ಥ ಅಡಗಿಸಿದ್ದೀರಿ ಎಂಬುದು ಅವರ ಸಂಶಯ. ನಮ್ಮಲ್ಲಿ ಕಂಬಳಿಗೆ ಹುಣಸೆ ಬೀಜದ ಗಂಜಿ ಹಚ್ಚುತ್ತಾರೆ, ಅದರ ವಾಸನೆ ಅದು ಎಂದು ನಾನು ವಿವರಿಸಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಮ್ಮನ್ನು ಬಿಟ್ಟರು.

“ಏನ್ ಕೇಳಿದ್ರು?” ಎಂದ ಮಾಳಪ್ಪ.

“ಕಂಬಳಿ ಭಾಳ ಛಲೋ ಐತಿ ಅಂದ್ರು.”

ಇಡೀ ಪ್ರವಾಸದಲ್ಲಿ ನಾನು ಅವನಿಗೆ ಮಾಡಿದ ಮೊದಲ ತಪ್ಪು ತರ್ಜುಮೆ ಇದು. ಅವನು ಸಂತೋಷಪಟ್ಟ. ನನಗೂ ಇದರಲ್ಲಿ ಏನೂ ತಪ್ಪು ಕಾಣಲಿಲ್ಲ.

ಮಿಸೆಸ್ ರಾಬ್ಸನ್ನರ ಮನೆ

ನಾವು ಹೋದದ್ದು ಕುರಿಗಳ ಗುಡ್ಡಗಳ ನಡುವಿನ ಒಂದು ಸಣ್ಣ ಊರಿಗೆ. ಬಾಡಿಗೆಗೆ ಕೋಣೆ ಇದೆ ಎಂದು ಬರೆದಿದ್ದ ನಾಲ್ಕು ಬಾಗಿಲು ತಟ್ಟಿದೆವು. ನಾಲ್ಕರಲ್ಲಿಯೂ ಕೋಣೆ ಈಗಷ್ಟೇ ಹೋಯಿತು ಎಂಬ ಉತ್ತರ. ಐದನೆಯ ಮನೆಯ ಮಿಸೆಸ್ ರಾಬ್ಸನ್ ಎಂಬ ವಿಧವೆ ನಮ್ಮನ್ನು ಮೇಲಿಂದ ಕೆಳಗೆ ನೋಡಿ, ಮಾಳಪ್ಪನ ಕಂಬಳಿಯ ಅಂಚನ್ನು ಎರಡು ಬೆರಳಿನಿಂದ ತಿಕ್ಕಿ ನೋಡಿ, ಒಳಗೆ ಬನ್ನಿ ಎಂದರು. ಅವರೂ ಉಣ್ಣೆಯ ಊರಿನವರೇ ಅಲ್ಲವೇ!

ಅವರ ಮಾತು ನನಗೆ ಮೊದಲ ವಾರ ಎರಡೆರಡು ಸಲ ಹೇಳಿಸಿಕೊಂಡರಷ್ಟೇ ತಿಳಿಯುತ್ತಿತ್ತು. ನಾನು ಸಾಲೆಯಲ್ಲಿ ಕಲಿತ ಇಂಗ್ಲಿಷಿಗೂ ಅವರ ಇಂಗ್ಲಿಷಿಗೂ ಪುಸ್ತಕದ ಕನ್ನಡಕ್ಕೂ ನಮ್ಮ ಮೂಡಲಗಿ ಮಾತಿಗೂ ಇರುವಷ್ಟು ಅಂತರ. ಆದ್ದರಿಂದ ಅವರ ಮಾತನ್ನು ನಾನು ಇಲ್ಲಿ ನಮ್ಮ ಮಾತಿನಲ್ಲಿಯೇ ಬರೆಯುತ್ತೇನೆ. ಅವರಿಗೂ ಅದೇ ಒಪ್ಪುತ್ತದೆ.

ನಾವು ಹೋದ ಮೂರನೆಯ ದಿನವೇ ನೆಲದ ಮೇಲೆ ಬಿಳಿ ಹಿಮ ಬಿತ್ತು. ಮಿಸೆಸ್ ರಾಬ್ಸನ್ ಗಡಬಡಿಸಿ ನಮ್ಮಿಬ್ಬರನ್ನೂ ಹಿತ್ತಿಲಿಗೆ ಕರೆದರು. ದಕ್ಷಿಣದ ಗೋಡೆಗೆ ಒತ್ತಿ ಒಂದು ದೊಡ್ಡ ಮಣ್ಣಿನ ಕುಂಡವಿತ್ತು. ಅದರೊಳಗೆ ನನ್ನ ಎದೆಯ ಎತ್ತರದ ಒಂದು ಗಿಡ. ಎಲೆ ನೋಡಿದರೆ ಸರುವೆಯ ಹಾಗೆ ಸಣ್ಣದು, ಕೈ ತಾಗಿದರೆ ಮರುಗದಂಥ ಗಾಢ ವಾಸನೆ. ರೋಸ್‌ಮರಿ ಎಂದರು. ಮೂವರೂ ಸೇರಿ ಅದನ್ನು ಹಿಂಬದಿಯ ಗಾಜಿನ ಪಡಸಾಲೆಗೆ ಎತ್ತಿ ತಂದೆವು.

“ಇದು ಬಿಸಲ ನಾಡಿನ ಗಿಡಾ. ನಮ್ಮ ಥಂಡಿಯೊಳಗ ಹೊರಗ ಬಿಟ್ರ ಉಳಿಯಂಗಿಲ್ಲ. ಹಂಗಂತ ಒಲಿ ಬಾಜೂನೂ ಇಡಬಾರದು. ಬೆಳಕ ಬೇಕು, ಬೆಂಕಿ ಬ್ಯಾಡ” ಎಂದರು ಮಿಸೆಸ್ ರಾಬ್ಸನ್. “ನೀರ ನಾನ ಹಾಕತೇನಿ. ನೀವ್ಯಾರೂ ತ್ರಾಸ ತಗೋಬ್ಯಾಡ್ರಿ.”

ಆ ಗಿಡ ಅವರ ತಾಯಿಯದು. ಆಕೆ ಮದುವೆಯ ದಿನ ಕೈಯಲ್ಲಿ ಹಿಡಿದಿದ್ದ ಕಡ್ಡಿಯನ್ನೇ ಹಚ್ಚಿ ಬೆಳೆಸಿದ್ದು. ಮಿಸೆಸ್ ರಾಬ್ಸನ್ ತಮ್ಮ ಮದುವೆಯಲ್ಲಿ ಅದರ ಕಡ್ಡಿ ಹಿಡಿದಿದ್ದರು. ಗಂಡನ ಶವಪೆಟ್ಟಿಗೆಯಲ್ಲಿಯೂ ಅದರದೇ ಒಂದು ಕಡ್ಡಿ ಇಟ್ಟಿದ್ದರು. ಈಗ ಒಬ್ಬಳೇ ಮಗಳು ಜೀನ್‌ಳ ಮದುವೆ ಏಪ್ರಿಲ್ ತಿಂಗಳಲ್ಲಿ. “ಹೂವ ಎಲ್ಲೆರ ಸಿಗತಾವ. ಈ ಕಡ್ಡಿ ಮಾತ್ರ ಇಲ್ಲೇ ಸಿಗಬೇಕು. ಏಪ್ರಿಲ್ ತನಕಾ ಇದನ್ನ ಜ್ವಾಕಿ ಮಾಡಬೇಕ ನೋಡು” ಎಂದರು.

ನಾನು ತಲೆ ಅಲ್ಲಾಡಿಸಿದೆ. ಆ ತಲೆ ನೆಟ್ಟಗೆ ಕೇಳಿಸಿಕೊಂಡಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲ.

ನವೆಂಬರ್, ಡಿಸೆಂಬರ್

ಬೆಳಗ್ಗೆ ಎದ್ದು ಸ್ನಾನ ಮಾಡಿ ಪೂಜೆಗೆ ಕುಳಿತರೆ ಎರಡು ತೊಡಕು. ಪತ್ರಿ ಎಲ್ಲಿಂದ ತರುವುದು? ಹೊರಗೆ ಇದ್ದ ಮರಗಳೆಲ್ಲ ಎಲೆ ಉದುರಿಸಿ ಬೋಳಾಗಿದ್ದವು. ಪೂಜೆ ಮಾಡಿದ ನೀರನ್ನು ಎಲ್ಲಿ ಹಾಕುವುದು? ಮೋರಿಗೆ ಹಾಕುವಂತಿಲ್ಲ, ಆ ಮೋರಿಗೆ ಯಾವ ಯಾವ ನೀರು ಕೂಡುತ್ತದೋ ದೇವರೇ ಬಲ್ಲ. ಹಿತ್ತಿಲಲ್ಲಿ ಹಾಕಿದರೆ ಅದು ಗಳಿಗೆಯಲ್ಲಿ ಗಾಜಾಗಿ, ಹಾಲಿನವನು ಅದರ ಮೇಲೆಯೇ ಜಾರಿ ಬೀಳುವುದು ಖಂಡಿತ.

ಇಡೀ ಮನೆಯಲ್ಲಿ ಹಸಿರು ಎಂಬುದು ಒಂದೇ ಇತ್ತು. ಮರುಗ, ದವನ ಲಿಂಗಕ್ಕೆ ಏರುತ್ತವೆಂದರೆ ಇದೇಕೆ ಏರಬಾರದು? ದಿನಕ್ಕೊಂದು ಚಿಗುರನ್ನು ಯಾರಿಗೂ ಕಾಣದಂತೆ ಹಿಂಬದಿಯಿಂದ ಮುರಿದುಕೊಂಡೆ. ಪೂಜೆಯ ಬಟ್ಟಲಿನ ನೀರನ್ನು ದಿನಾಲೂ ಅದರ ಬುಡಕ್ಕೆ ಎರೆದೆ. ನೀರು ನಾನೇ ಹಾಕುತ್ತೇನೆ ಎಂದು ಮಿಸೆಸ್ ರಾಬ್ಸನ್ ಹೇಳಿದ್ದು ನನಗೆ ಮರೆತಿರಲಿಲ್ಲ. ಆದರೆ ನಮ್ಮ ಕಡೆ ಬಂದವರಿಗೆ ‘ನೀವು ತ್ರಾಸ ತಗೋಬ್ಯಾಡ್ರಿ’ ಎನ್ನುವುದು ಬಾಯುಪಚಾರ. ಅದನ್ನು ನಿಜವೆಂದು ಹಿಡಿದು ಸುಮ್ಮನೆ ಕೂತವನು ಮನುಷ್ಯನೇ ಅಲ್ಲ. ಅದರ ಮೇಲೆ ಅವರು ನೀರು ಹಾಕುತ್ತಿದ್ದದ್ದಾದರೂ ಎಷ್ಟು? ಹದಿನೈದು ದಿನಕ್ಕೊಮ್ಮೆ ಒಂದು ಚಹಾದ ಕಪ್ಪು! ನಮ್ಮ ಘಟಪ್ರಭೆಯ ದಂಡೆಯಲ್ಲಿ ಬೆಳೆದ ನನಗೆ ಗಿಡವನ್ನು ಹೀಗೆ ಉಪವಾಸ ಕೆಡವಿದ್ದು ಕಂಡು ಹೊಟ್ಟೆ ಉರಿಯಿತು. ಮುದುಕಿಗೆ ಮರೆವು, ನಾನಾದರೂ ಪುಣ್ಯ ಕಟ್ಟಿಕೊಳ್ಳೋಣ ಎಂದುಕೊಂಡೆ.

ಇನ್ನು ಮರುದಿನ ಲಿಂಗದ ಮೇಲಿಂದ ಇಳಿಸಿದ ಪತ್ರಿ. ಅದನ್ನು ಕಸದಲ್ಲಿ ಹಾಕುವುದು ಆಗದ ಮಾತು. ನದಿಯ ದಂಡೆಯಿಂದ ಒಂದು ಬಿಸ್ಕೀಟಿನ ತಗಡಿನ ಡಬ್ಬಿಯ ತುಂಬ ದಪ್ಪ ಮರಳು ತಂದು ನನ್ನ ಅಟ್ಟದ ಕೋಣೆಯ ಕಿಟಕಿಯಲ್ಲಿ ಇಟ್ಟೆ. ಸುಮ್ಮನೆ ಇಟ್ಟರೆ ಗಾಳಿಗೆ ಹಾರುತ್ತವೆ ಎಂದು ಪ್ರತಿಯೊಂದು ಕಡ್ಡಿಯನ್ನೂ ಮರಳಿನಲ್ಲಿ ಚುಚ್ಚಿ ನಿಲ್ಲಿಸಿದೆ. ಊರಿಗೆ ಹೋಗುವಾಗ ಎಲ್ಲವನ್ನೂ ಕೂಡಿಸಿ ಸಮುದ್ರಕ್ಕೆ ಬಿಡುವ ವಿಚಾರವಿತ್ತು.

ಜನವರಿ

ಜನವರಿ ಹತ್ತಿರ ಬಂದಂತೆ ಗಿಡದ ಕೆಳಗಿನ ಎಲೆಗಳು ಕಂದಿದವು. ಆಮೇಲೆ ನಡುವಿನವು ಉದುರಿದವು. ಮಿಸೆಸ್ ರಾಬ್ಸನ್ ಬೆಳಗ್ಗೆ ಎದ್ದವರೇ ಪಡಸಾಲೆಗೆ ಹೋಗುವರು, ಎಲೆಗಳನ್ನು ಆರಿಸಿ ಉಡಿಯಲ್ಲಿ ಹಾಕಿಕೊಂಡು ಬರುವರು. ಜೀನ್ ಮದುವೆಯ ಅರಿವೆ ಹೊಲಿಯುತ್ತಿದ್ದವಳು ತಾಯಿಯ ಮುಖ ನೋಡಿ ಸೂಜಿ ನಿಲ್ಲಿಸುವಳು.

ಒಂದು ದಿನ ಅವರು ಹೊರಗೆ ಹೋದಾಗ ಕುಂಡದ ಮಣ್ಣಿನಲ್ಲಿ ಬೆರಳು ಇಟ್ಟೆ. ಬೆರಳು ರಾಡಿಯಲ್ಲಿ ಹೋದಂತೆ ಗಿಣ್ಣಿನವರೆಗೆ ಇಳಿಯಿತು. ಮೂಗಿಗೆ ಹಿಡಿದರೆ ಕೊಳೆತ ವಾಸನೆ. ಬಿಸಿಲಿಲ್ಲದ ಆ ನಾಡಿನಲ್ಲಿ ಎರೆದ ನೀರು ಎಲ್ಲಿ ಆರಬೇಕು? ಎರಡು ತಿಂಗಳಿಂದ ದಿನಾಲೂ ನಾನು ಎರೆದದ್ದೆಲ್ಲ ಅಲ್ಲೇ ಕೂತಿತ್ತು.

ಅಂದಿನಿಂದ ನೀರನ್ನು ಬಾಟಲಿಯಲ್ಲಿ ತುಂಬಿ ಕಿಟಕಿಯ ಹೊರಗೆ ಕೂಡಿಡತೊಡಗಿದೆ. ಅದು ಮೂರನೆಯ ದಿನ ಹೆಪ್ಪುಗಟ್ಟಿ ಫಟ್ಟೆಂದು ಒಡೆಯಿತು. ಅಂಥ ಸಪ್ಪಳಕ್ಕೂ ನಾನು ಕಳ್ಳನಂತೆ ಬೆಚ್ಚಿಬೀಳುತ್ತಿದ್ದೆ. ಹೇಳಬೇಕು, ಹೇಳಬೇಕು ಅಂದುಕೊಳ್ಳುತ್ತಿದ್ದೆ. ಆದರೆ ಮುಚ್ಚಿದ ಆ ನಾಲ್ಕು ಬಾಗಿಲು ಕಣ್ಣ ಮುಂದೆ ಬರುತ್ತಿದ್ದವು. ಐದನೆಯದೂ ಮುಚ್ಚಿದರೆ ಆ ಹಿಮದಲ್ಲಿ ಎಲ್ಲಿಗೆ ಹೋಗುವುದು?

ಅಷ್ಟರಲ್ಲಿ ಮಿಸೆಸ್ ರಾಬ್ಸನ್ ತಾವೇ ಒಂದು ಕಾರಣ ಹುಡುಕಿದರು. ಮಾಳಪ್ಪ ದಿನಾಲೂ ಕುರಿಯ ದೊಡ್ಡಿಗಳಿಗೆ ಹೋಗಿ ಬಂದು, ತೊಯ್ದ ಕಂಬಳಿಯನ್ನು ಅದೇ ಪಡಸಾಲೆಯಲ್ಲಿ ಗಿಡದ ಬಾಜೂ ಹರವುತ್ತಿದ್ದ. “ಆ ಕಂಬಳಿ ಹಬಿ ಗಿಡಕ್ಕ ತಾಗಾಕತ್ತೈತಿ. ಅವಗ ಹೇಳು ಈರಪ್ಪ, ಅಲ್ಲಿ ಬ್ಯಾಡ, ಅಡಗಿಮನಿಯೊಳಗ ಒಲಿ ಮುಂದ ಹಾಕ್ಕೊಳ್ಳಲಿ” ಎಂದರು.

ಮಾಳಪ್ಪ ನನ್ನ ಮುಖ ನೋಡಿದ. ಆಗ ನನಗೆ ಏನಾಯಿತೋ. ನಾನು ಬುಡಕ್ಕೆ ನೀರು ಎರೆಯುವುದನ್ನು ಅವನು ಎಂದಾದರೂ ಕಂಡಿರಬಹುದು, ಒಲೆಯ ಮುಂದೆ ಅವರಿಬ್ಬರೂ ದಿನಾಲೂ ಎದುರು ಬದುರು ಕೂತರೆ, ಕೈಸನ್ನೆಯಲ್ಲಾದರೂ ಗಿಡದ ಮಾತು ಬಂದೇ ಬರುತ್ತದೆ ಎಂದು ಹೆದರಿದೆ. “ಅಲ್ಲಿ ಜಾಗಾ ಸಾಲಂಗಿಲ್ಲಂತ ಕಾಕಾ. ಹಿತ್ತಲದಾಗ ಹಗ್ಗದ ಮ್ಯಾಲ ಹಾಕಬೇಕಂತ” ಎಂದುಬಿಟ್ಟೆ.

ಅವನು ಕಂಬಳಿಯನ್ನು ತೆಗೆದುಕೊಂಡು ಹೊರಗೆ ಹೋದ. ಮರುದಿನ ಅದು ಹಲಗೆಯಂತೆ ಸೆಟೆದು ನಿಂತಿತ್ತು. ಮಡಿಚಲು ಹೋದರೆ ಕಟಕಟ ಎಂದಿತು. ನಾಲ್ಕು ದಿನ ಅವನು ಕಂಬಳಿಯಿಲ್ಲದೆ ಆ ಗಾಳಿಯಲ್ಲಿ ತಿರುಗಿದ. ಐದನೆಯ ದಿನ ಜ್ವರ ಹಿಡಿದು ಮಲಗಿದ.

ಆದಿತ್ಯವಾರದ ಮುಂಜಾನೆ

ಆದಿತ್ಯವಾರ ಡಾಕ್ಟರರು ಬಂದು ಅವನ ಎದೆಗೆ ಕಿವಿಗೊಟ್ಟು ನೋಡಿ, ಇನ್ನೊಂದು ಚೂರು ಕೆಟ್ಟರೆ ಕಷ್ಟ ಎಂದು ಹೇಳಿ ಹೋದರು. ಮಾಳಪ್ಪನ ಉಸಿರು ಹರಿದ ತಿದಿಯಂತೆ ಸುಂಯ್‌ಗುಡುತ್ತಿತ್ತು. ನಾನು ಅವನ ಹಾಸಿಗೆಯ ಪಕ್ಕದಲ್ಲಿ ಕೂತಿದ್ದೆ. ಹುಕ್ಕೇರಿಗೆ ಹೋಗಿ ಅವನ ಹೆಂಡತಿಗೆ ಏನು ಹೇಳಲಿ ಎಂಬುದೊಂದೇ ವಿಚಾರ ತಲೆಯಲ್ಲಿ ಸುತ್ತುತ್ತಿತ್ತು.

ಮಿಸೆಸ್ ರಾಬ್ಸನ್ ಬಿಸಿ ಗಂಜಿಯ ಬಟ್ಟಲು ಹಿಡಿದು ಬಂದವರು ಕಿಟಕಿಯಿಂದ ಹಿತ್ತಿಲಿನ ಕಡೆ ನೋಡಿದರು. “ಇವನ ಕಂಬಳಿ ಹೊರಗ ಮಂಜಿನಾಗ ಯಾಕೈತಿ? ಒಲಿ ಮುಂದ ಹಾಕ್ಕೊ ಅಂತ ಹೇಳಿದ್ದೆನಲ್ಲ?”

ಮಾಳಪ್ಪ ಕಣ್ಣು ತೆರೆದು ನಮ್ಮಿಬ್ಬರನ್ನೂ ನೋಡುತ್ತಿದ್ದ.

“ಸಾವ್ಕಾರ್ರ,” ಎಂದ. ಅವನು ನನ್ನನ್ನು ಹಾಗೆ ಎಂದೂ ಕರೆದವನಲ್ಲ, ತಮ್ಮಾ ಎನ್ನುತ್ತಿದ್ದ. “ಆಕಿ ಈಗ ಏನಂದ್ಳು, ಅಷ್ಟೂ ಹೇಳ್ರಿ. ನನಗ ಇಂಗ್ಲಿಷ್ ತಿಳಿಯಂಗಿಲ್ಲ ಖರೆ, ಮಾರಿ ತಿಳೀತೈತಿ.”

ಇನ್ನು ಹಿಡಿದುಕೊಳ್ಳುವುದು ಆಗಲಿಲ್ಲ. ಲಿಂಗದ ನೀರು, ಕದ್ದ ಚಿಗುರು, ಕೊಳೆತ ಮಣ್ಣು, ಒಲೆಯ ಮಾತು ನುಂಗಿದ್ದು, ಎಲ್ಲವನ್ನೂ ಅವನ ಮುಂದೆ ಹೇಳಿದೆ. ಅಳು ಬಂತು, ಅತ್ತೆ. ಮಿಸೆಸ್ ರಾಬ್ಸನ್ ಬಟ್ಟಲು ಹಿಡಿದುಕೊಂಡು ನಿಂತೇ ಇದ್ದರು.

ಮಾಳಪ್ಪ ಬಹಳ ಹೊತ್ತು ಕೆಮ್ಮಿದ. ಆಮೇಲೆ, “ಕುರಿ ಥಂಡಿಗಿ ಸಾಯಂಗಿಲ್ಲ ತಮ್ಮಾ, ಹಸಿಗಿ ಸಾಯ್ತಾವ. ಕಾಲಾಗ ರಾಡಿ ನಿಂತ್ರ ಮುಗೀತು. ಗಿಡಾನೂ ಹಂಗ ಇರಬೇಕು. ಮೊದಲ ನನ್ನ ಕೇಳಿದ್ದಿ ಅಂದ್ರ ಹೇಳತಿದ್ದೆ” ಎಂದ. ಮತ್ತೆ ಕೆಮ್ಮಿ, “ಈಗ ಇದನ್ನೆಲ್ಲಾ ಆಕಿಗಿ ಹೇಳು. ಒಂದ ಮಾತನೂ ಬಿಡಬ್ಯಾಡ” ಎಂದ.

ಹೇಳಿದೆ. ಈ ಸಲ ಒಂದು ಮಾತನ್ನೂ ಬಿಡಲಿಲ್ಲ. ಅವರು ಬಟ್ಟಲನ್ನು ಮೇಜಿನ ಮೇಲಿಟ್ಟು ಕೆಳಗೆ ಇಳಿದು ಹೋದರು. ಸ್ವಲ್ಪ ಹೊತ್ತಿಗೆ ಹಿತ್ತಿಲ ಬಾಗಿಲ ಸಪ್ಪಳವಾಯಿತು. ನಮ್ಮ ಗಂಟುಗಳನ್ನು ಹೊರಗೆ ಹಾಕುವ ಮುಂಚಿನ ಸಪ್ಪಳ ಇದು ಎಂದುಕೊಂಡೆ. ಮಧ್ಯಾಹ್ನ ಅವರು ಮೇಲೆ ಬಂದಾಗ ಕೈಯಲ್ಲಿ ಒಲೆಯ ಮುಂದೆ ಒಣಗಿಸಿದ ಕರಿ ಕಂಬಳಿ ಇತ್ತು. ಅದನ್ನು ಮಾಳಪ್ಪನ ಮೇಲೆ ಕುತ್ತಿಗೆಯವರೆಗೆ ಹೊದಿಸಿ, ಕಾಲಿನ ಕಡೆ ಒತ್ತಿ, ನನ್ನ ಕಡೆ ನೋಡದೆ ಹೋದರು.

ಮರುದಿನ ಜೀನ್ ಕುಂಡವನ್ನು ಬೋರಲು ಹಾಕಿದಳು. ಬೇರುಗಳು ಕಪ್ಪಗೆ ಕೊಳೆತು ಕೈಗೆ ಅಂಟಿಕೊಂಡು ಬಂದವು. ಅವಳು ಅಳಲಿಲ್ಲ. ಕೈ ಒರೆಸಿಕೊಂಡು ಒಳಗೆ ಹೋಗಿ ಹೊಲಿಯಲು ಕೂತಳು. ಅವಳು ನನ್ನನ್ನು ನಾಲ್ಕು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಫೆಬ್ರವರಿ, ಅಟ್ಟದ ಕಿಟಕಿ

ಮಾಳಪ್ಪ ಎದ್ದು ಓಡಾಡುವಂತಾಗಲು ಮೂರು ವಾರ ಹಿಡಿಯಿತು. ಆ ಮೂರು ವಾರ ಮಿಸೆಸ್ ರಾಬ್ಸನ್ ನನ್ನ ಸಂಗಡ ಹವೆಯ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಒಂದು ಮಧ್ಯಾಹ್ನ ಅವನು ಕಂಬಳಿ ಹೊದ್ದು ನನ್ನ ಕೋಣೆಗೆ ಬಂದು ಕಿಟಕಿಯ ಮುಂದೆ ನಿಂತ.

“ಇದೇನೋ, ಡಬ್ಬಿಯಾಗ?”

“ಲಿಂಗದ ಮ್ಯಾಲಿನ ಪತ್ರಿ ಕಾಕಾ. ಊರಿಗಿ ಹೋಗಬೇಕಾದ್ರ ನೀರಿಗಿ ಬಿಡೂದು.”

ಬಹುತೇಕ ಕಡ್ಡಿಗಳು ಒಣಗಿ ಕಡ್ಡಿಪೆಟ್ಟಿಗೆಯ ಕಡ್ಡಿಗಳಾಗಿದ್ದವು. ನಾಲ್ಕು ಮಾತ್ರ ಹಸಿರಾಗಿದ್ದವು. ಅವನು ಒಂದನ್ನು ಎರಡು ಬೆರಳಿನಿಂದ ಹಗುರಾಗಿ ಎತ್ತಿ ನೋಡಿದ. ಅದು ಸುಮ್ಮನೆ ಕಿತ್ತು ಬಂತು. ಎರಡನೆಯದನ್ನು ಎತ್ತಿದ. ಅದು ಬರಲಿಲ್ಲ, ಮರಳೇ ಅದರ ಸಂಗಡ ಎದ್ದಿತು. ಮೂರನೆಯದು, ನಾಲ್ಕನೆಯದು ಸಹ ಹಾಗೆಯೇ ಹಿಡಿದುಕೊಂಡಿದ್ದವು.

“ಬೇರ ಬಿಟ್ಟಾವಲ್ಲೋ ತಮ್ಮಾ!”

ನಾನು ಮರಳಿಗೆ ನೀರು ಹಾಕಿರಲಿಲ್ಲ. ಪೂಜೆಯ ತೊಯ್ದ ಬೆರಳನ್ನು ಅದರ ಮೇಲೆ ಝಾಡಿಸುತ್ತಿದ್ದೆ, ಅಷ್ಟೇ. ಬೆಂಕಿಯಿಲ್ಲದ ಕೋಣೆ, ದಕ್ಷಿಣದ ಕಿಟಕಿ, ಒಣ ಮರಳು. ಮಿಸೆಸ್ ರಾಬ್ಸನ್ ಹಿಮ ಬಿದ್ದ ದಿನ ಹೇಳಿದ್ದೆಲ್ಲ ನನಗೆ ತಿಳಿಯದಂತೆಯೇ ಅಲ್ಲಿ ನಡೆದಿತ್ತು.

ಡಬ್ಬಿಯನ್ನು ಎತ್ತಿಕೊಂಡು ಓಡಬೇಕೆಂದವನು ಮೆಟ್ಟಿಲ ಮೇಲೆಯೇ ನಿಂತೆ. ಇದು ಲಿಂಗಕ್ಕೆ ಏರಿಸಿ ಇಳಿಸಿದ್ದು. ಇದನ್ನು ಅನ್ಯ ಮತದ ಮದುವೆಗೆ ಕೊಟ್ಟೆ ಎಂದರೆ ನಮ್ಮವ್ವ ಏನಂದಾಳು? ಬೇರೆ ದೇವರ ಮುಂದಿಟ್ಟ ಕಡ್ಡಿಯನ್ನು ಮಗಳ ಕೈಯಲ್ಲಿ ಕೊಟ್ಟು ಚರ್ಚಿಗೆ ಕಳಿಸು ಎಂದರೆ ಈ ತಾಯಿಯಾದರೂ ಒಪ್ಪುತ್ತಾಳೆಯೇ? ಹೇಳದೆ ಕೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಹಿಂದೆ ತಿರುಗಿ ನೋಡಿದರೆ ಮಾಳಪ್ಪ ಮೇಲಿನ ಮೆಟ್ಟಿಲ ಮೇಲೆ ನಿಂತು ನನ್ನ ಮಾರಿಯನ್ನೇ ನೋಡುತ್ತಿದ್ದ.

ಅಡುಗೆಮನೆಯ ಮೇಜಿನ ಮೇಲೆ ಡಬ್ಬಿಯನ್ನಿಟ್ಟು, ಅವು ಏನು, ಯಾವ ದೇವರ ಮುಂದೆ ಇದ್ದವು ಎಂಬುದನ್ನು ಮೊದಲು ಹೇಳಿದೆ. ಬೇರು ಬಿಟ್ಟಿವೆ ಎಂಬುದನ್ನು ಆಮೇಲೆ ಹೇಳಿದೆ. ಮಿಸೆಸ್ ರಾಬ್ಸನ್ ಬಗ್ಗಿ ಮೂಸಿ ನೋಡಿದರು.

“ನಿಮ್ಮ ದೇವರ ಮುಂದ ಇವನ್ನ ಇಟ್ಟು ಏನ್ ಬೇಡಕೋತಿದ್ದಿ?” ಎಂದು ಕೇಳಿದರು.

ಸುಳ್ಳು ಹೇಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ. “ಮೊದಲ ನಾ ಬಂದ ಕೆಲಸಾ ನೆಟ್ಟಗ ಆಗಲಿ ಅಂತ. ಜನವರಿಯಿಂದ, ನಿಮ್ಮ ಗಿಡಾ ಬದುಕಲಿ ಅಂತ.”

“ನಾನೂ ಜನವರಿಯಿಂದ ಅದನ್ನ ಬೇಡಕೊಂಡೇನಿ” ಎಂದರು. ಆಮೇಲೆ ಸೆರಗಿಲ್ಲದ ಆ ಹೆಂಗಸು ಏಪ್ರನ್ನಿನ ತುದಿಯಿಂದ ಕಣ್ಣು ಒರೆಸಿಕೊಂಡು, ಮೂರು ಸಣ್ಣ ಕುಂಡ ತರಲು ಜೀನ್‌ಳನ್ನು ಕೂಗಿದರು.

ಏಪ್ರಿಲ್‌ನಲ್ಲಿ ಜೀನ್ ಬೆರಳುದ್ದದ ಒಂದು ಚಿಗುರನ್ನು ಬಿಳಿ ಹೂಗಳ ನಡುವೆ ಹಿಡಿದುಕೊಂಡು ಚರ್ಚಿಗೆ ನಡೆದಳು. ಮಾಳಪ್ಪ ಕಂಬಳಿ ಹೊದ್ದೇ ಮದುವೆಗೆ ಬಂದ. ಯಾರೂ ನಗಲಿಲ್ಲ.

ಮೂಡಲಗಿ

ಒಂದು ಕುಂಡ ಮಿಸೆಸ್ ರಾಬ್ಸನ್ನರಲ್ಲಿ ಉಳಿಯಿತು. ಒಂದನ್ನು ಜೀನ್ ಗಂಡನ ಮನೆಗೆ ಒಯ್ದಳು. ಮೂರನೆಯದನ್ನು ಮಿಸೆಸ್ ರಾಬ್ಸನ್ ನನ್ನ ಕೈಯಲ್ಲಿ ಇಟ್ಟು, “ಹದಿನೈದ ದಿನಕ್ಕೊಂದ ಕಪ್ಪು. ಈ ಸಲ ಕೇಳಿಸ್ತಿಲ್ಲೊ?” ಎಂದರು. ಹಡಗಿನಲ್ಲಿ ಉಪ್ಪುಗಾಳಿ ತಾಗದಂತೆ ಅದನ್ನು ಕಂಬಳಿಯ ಮರೆಯಲ್ಲಿ ಹಿಡಿದು ಕೂತವನು ಮಾಳಪ್ಪ. ಗೋಕಾಕ ರೋಡ್ ಸ್ಟೇಶನ್ನಿನಲ್ಲಿ ಇಳಿದು ಅವನು ಹುಕ್ಕೇರಿ ದಾರಿ ಹಿಡಿಯುವಾಗ, “ಜ್ವರಾ ನನಗ, ಗಿಡಾ ನಿನಗ! ಒಂದ ಕಡ್ಡಿ ಹಚ್ಚಿ ಕೊಡು, ಮುಗೀತು” ಎಂದು ನಕ್ಕ.

ಮರುದಿನ ಬೆಳಗ್ಗೆ ನಮ್ಮವ್ವ ಪೂಜೆ ಮುಗಿಸಿ, ಬಟ್ಟಲು ಹಿಡಿದುಕೊಂಡು ಅಂಗಳಕ್ಕೆ ಬಂದಳು. ಹೊಸ ಕುಂಡವನ್ನು ಕಂಡು ಮುಖ ಅರಳಿಸಿ ನೆಟ್ಟಗೆ ಅದರ ಕಡೆಗೇ ನಡೆದಳು.

“ಅವ್ವಾ, ಬ್ಯಾಡಾ!” ಎಂದು ನಾನು ಚೀರಿ ಓಡಿದ ರಭಸಕ್ಕೆ ಬಟ್ಟಲು ಅವಳ ಕೈಯಿಂದ ಜಾರುವುದೊಂದು ಬಾಕಿ. ಅವಳು ಗಾಬರಿಯಾಗಿ ನಿಂತಳು. ಎಲ್ಲವನ್ನೂ ಹೇಳಿದೆ, ಪತ್ರಿಯನ್ನು ಮದುವೆಗೆ ಕೊಟ್ಟದ್ದನ್ನೂ ಬಿಡದೆ ಹೇಳಿದೆ. ಅವಳು ಕೇಳಿ, ಬಟ್ಟಲಿನ ನೀರನ್ನು ನುಗ್ಗೆಯ ಬುಡಕ್ಕೆ ಎರೆದು ಬಂದಳು. ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕೂತು ಒಂದು ಚಿಗುರು ಮುರಿದು ಮೂಸಿದಳು.

“ನೀರ ಬ್ಯಾಡಂದಿ. ಪತ್ರಿ ಆಗತೈತಲ್ಲ?” ಎಂದು ಅದನ್ನು ಕಣ್ಣಿಗೆ ಒತ್ತಿಕೊಂಡು ಒಳಗೆ ಹೋಗಿ ಲಿಂಗಕ್ಕೆ ಏರಿಸಿದಳು.

ಮಾರನೆಯ ದಿನ ಅವಳು ಅದನ್ನು ಇಳಿಸಿದ ಕೂಡಲೇ ನಾನು ಇಸಿದುಕೊಂಡು, ಘಟಪ್ರಭೆಯ ಮರಳು ತುಂಬಿದ ಡಬ್ಬಿಯಲ್ಲಿ ಚುಚ್ಚಿ ಬೆರಳಿನಿಂದ ಒಂದಿಷ್ಟು ನೀರು ಝಾಡಿಸಿದೆ. ಅದು ಮಾಳಪ್ಪ ಕಾಕಾನದು.